ಉಪ್ಪು ನೋಡುವವಳು

ಗಿಳಿಗೆ ಗಿಳಿ ಎಂದು ಹೆಸರಿಟ್ಟಿದ್ದು ಅವಳ ಅಜ್ಜಿ. ಕುತ್ತಿಗೆ ನಿಂತ ಹೊಸದರಲ್ಲಿ ಮಗು ಎದುರಿಗೆ ಯಾರು ಬಂದು ಕೂತರೂ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ನೋಡುತ್ತಿತ್ತು. "ನೋಡ್ರೋ ಇವಳನ್ನ, ಪೇರಲೆ ಹಣ್ಣಿನ ಮುಂದೆ ಕೂತ ಗಿಳಿ ಥರ! ಕಚ್ಚಲೋ ಬೇಡವೋ ಅಂತ ಲೆಕ್ಕ ಹಾಕ್ತಿದಾಳೆ," ಎಂದು ಅಜ್ಜಿ ನಕ್ಕಿದ್ದರು. ಮನೆಯವರೆಲ್ಲ ನಕ್ಕಿದ್ದರು. ನೇರವಾಗಿ ನೋಡಿದರೆ ಮಗುವಿಗೆ ಎದುರಿನದು ಕಾಣುವುದಿಲ್ಲ, ಓರೆಯಾಗಿ ನೋಡುವುದು ಅದಕ್ಕೇ ಎಂದು ತಿಳಿಯುವ ಹೊತ್ತಿಗೆ ಹೆಸರು ಅಂಟಿಕೊಂಡುಬಿಟ್ಟಿತ್ತು. ಕಿತ್ತುಹಾಕಲು ಯಾರಿಗೂ ಕೈ ಬರಲಿಲ್ಲ.

ಈಗ ಗಿಳಿ ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ತಾಯಿಯ ತೊಡೆಯ ಮೇಲೆ ಕೂತಿದ್ದಳು. ಹನಿ ಹಾಕಿಸಿಕೊಂಡ ಕಣ್ಣುಗಳು ಅಗಲವಾಗಿ, ಕಪ್ಪಗೆ, ಯಾವುದೋ ಬಾವಿಯ ಬಾಯಿಯ ಹಾಗೆ ಕಾಣುತ್ತಿದ್ದವು. ಎಡಗಣ್ಣಿನ ವಿಷಯ ಹುಟ್ಟುವಾಗಲೇ ಮುಗಿದಿತ್ತು. ಬಲಗಣ್ಣಿನ ಒಂದು ಮೂಲೆಯಲ್ಲಿ ಉಳಿದಿದ್ದ ನೋಟದಲ್ಲೇ ಮಗು ಓಡಾಡಿಕೊಂಡಿತ್ತು, ಮೆಟ್ಟಿಲು ಇಳಿಯುತ್ತಿತ್ತು, ಬಣ್ಣದ ಪೆನ್ಸಿಲುಗಳಲ್ಲಿ ಕೆಂಪನ್ನು ಹುಡುಕಿ ತೆಗೆಯುತ್ತಿತ್ತು. ಹೋದ ವಾರದಿಂದ ಲೋಟದ ಪಕ್ಕಕ್ಕೆ ನೀರು ಸುರಿಯತೊಡಗಿತ್ತು.

ವೈದ್ಯೆ ಹೊಸಬರು. ದೀಪ ಹಿಡಿದು ಬಹಳ ಹೊತ್ತು ನೋಡಿದರು. ನೋಡಿ ಮುಗಿದ ಮೇಲೂ ತಕ್ಷಣ ಮಾತಾಡಲಿಲ್ಲ. ತಾಯಿ ಅವರ ಮುಖವನ್ನೇ ನೋಡುತ್ತಿದ್ದಳು. ಈ ಮೌನಗಳ ಉದ್ದ ಅಳೆದು ಅಳೆದು ಅವಳಿಗೆ ಅಭ್ಯಾಸವಾಗಿತ್ತು. ಗಿಡ್ಡ ಮೌನವಾದರೆ ಔಷಧ ಬದಲು, ಉದ್ದವಾದರೆ ಇನ್ನೇನೋ.

"ಹಳೆ ಗಾಯದ ಅಂಚಲ್ಲೇ ಮತ್ತೆ ಎದ್ದಿದೆ," ಎಂದರು ವೈದ್ಯೆ. "ಈ ಸೋಂಕು ಪೂರ್ತಿ ಹೋಗೋದಿಲ್ಲ ಅಮ್ಮ, ಒಳಗೆ ಮಲಗಿರುತ್ತೆ. ಔಷಧಿ ಶುರು ಮಾಡೋಣ. ಉಳಿದಿರೋ ನೋಟ ಉಳಿಸೋಕೆ ನೋಡೋಣ."

ಉಳಿಸುತ್ತೇವೆ ಎನ್ನಲಿಲ್ಲ, ಉಳಿಸೋಕೆ ನೋಡೋಣ ಎಂದರು. ತಾಯಿ ಆ ವ್ಯತ್ಯಾಸವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ ಮನಸ್ಸಿನಲ್ಲಿ ಇಟ್ಟುಕೊಂಡಳು.

"ಬಸುರಿಯಾಗಿದ್ದಾಗ ತಗುಲಿದ್ದು ಅಲ್ವಾ? ಯಾವುದರಿಂದ ಅಂತ ಹೇಳಿದ್ರು?"

"ಮನೇಲಿ ಬೆಕ್ಕಿತ್ತು," ಎಂದಳು ತಾಯಿ. ಎಷ್ಟೋ ಬಾಗಿಲುಗಳಲ್ಲಿ ಹೇಳಿ ಸವೆದ ಉತ್ತರ.

"ಅದರ ಗಲೀಜು ನೀವು ತೆಗೀತಿದ್ರಾ?"

"ಇಲ್ಲ. ಅದು ಅಂಗಡಿ ಬೆಕ್ಕು. ಮೆಟ್ಟಿಲು ಹತ್ತುತ್ತಾ ಇರ್ಲಿಲ್ಲ. ನಾನು ಮುಟ್ಟಿದ್ದೂ ಇಲ್ಲ."

"ಹಸಿ ಮಾಂಸ ಏನಾದ್ರೂ ತಿಂದಿದ್ರಾ?"

"ಅಯ್ಯೋ, ಹಸೀದು ಯಾರು ತಿಂತಾರೆ ಡಾಕ್ಟ್ರೇ!"

ವೈದ್ಯೆ ತಲೆಯಾಡಿಸಿ ಬರೆಯುತ್ತಾ, ಸುಮ್ಮನೆ ಮಾತಿಗೆಂಬಂತೆ ಕೇಳಿದರು. "ಅಂಗಡಿ ಅಂದ್ರಲ್ಲ, ಯಾವ ಅಂಗಡಿ?"

"ಮಾಂಸದ್ದು. ಕುರಿ ಮಾಂಸ ಕೊಚ್ಚಿ, ಆ ಖೀಮಾಕ್ಕೆ ಮಸಾಲೆ ಕಲಸಿ ಉಂಡೆ ಕಟ್ಟಿ ಹೋಟೆಲುಗಳಿಗೆ ಕೊಡ್ತೀವಿ. ಕರಿದುಕೊಳ್ಳೋದು ಅವರು."

"ಅಂದ್ರೆ ಹಸಿಯಾಗೇ ಕೊಡ್ತೀರಿ. ಹಾಗಾದ್ರೆ ಉಪ್ಪು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ನಾಲಿಗೆ ತುದಿಗೆ ಒಂಚೂರು..." ಎಂದು ತಾಯಿ ಶುರು ಮಾಡಿದಳು. ಅವಳ ದನಿಯಲ್ಲಿ ಹಳೆಯ ಹೆಮ್ಮೆಯೊಂದು ತಾನಾಗಿ ಇಣುಕಿತು. ಆಮೇಲೆ ಅವಳ ಬಾಯಿ ಹಾಗೇ ನಿಂತಿತು.

ವೈದ್ಯೆಯ ಪೆನ್ನೂ ನಿಂತಿತು.

ಆ ಮನೆಯಲ್ಲಿ ಉಪ್ಪು ನೋಡುವುದು ತಿನ್ನುವುದಲ್ಲ. ತಿನ್ನುವುದು ಎಂದರೆ ತಟ್ಟೆ ಹಾಕಿಕೊಂಡು ಕೂರುವುದು. ಉಪ್ಪು ನೋಡುವುದು ಎಂದರೆ ಬೋಗುಣಿಯ ಅಂಚಿನಿಂದ ಸಾಸಿವೆ ಗಾತ್ರದಷ್ಟು ಬೆರಳ ತುದಿಗೆ ತೆಗೆದು, ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಪಕ್ಕದ ಮೋರಿಗೆ ಉಗಿಯುವುದು. ಎಲ್ಲರಿಗೂ ಆ ಕೆಲಸ ಸಿಗುತ್ತಿರಲಿಲ್ಲ. ಬೀಡಿ ಸೇದುವ ಗಂಡಸರ ನಾಲಿಗೆ ಸತ್ತ ನಾಲಿಗೆ ಎಂದು ಅತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. ಬಸುರಿಯ ನಾಲಿಗೆ ಮಾತ್ರ ಚೂಪು, ಒಂದು ಹರಳು ಉಪ್ಪು ಹೆಚ್ಚಾದರೂ ಹಿಡಿದುಬಿಡುತ್ತದೆ ಎಂಬುದು ಅವರ ನಂಬಿಕೆ, ಅವರ ಅತ್ತೆಯ ನಂಬಿಕೆ. ಹಾಗಾಗಿ ಸೊಸೆ ಬಸುರಿಯಾದಳು ಎಂದರೆ ಆ ಮನೆಯಲ್ಲಿ ಬೋಗುಣಿ ಅವಳ ಪಾಲಿಗೆ ಬರುತ್ತಿತ್ತು. ಪೀಠ ಏರಿಸಿದ ಹಾಗೆ. ನೆಲ ಒರೆಸುವುದಿಲ್ಲ, ಭಾರ ಎತ್ತುವುದಿಲ್ಲ, ಬೆಳಿಗ್ಗೆ ಸಂಜೆ ಮಣೆ ಹಾಕಿಕೊಂಡು ಕೂತು ಉಪ್ಪು ನೋಡಿ "ಸಾಕು" ಎಂದರೆ ಸಾಕು. ಅವಳು ಸಾಕು ಎನ್ನುವವರೆಗೆ ಗಂಡಸರು ಉಂಡೆ ಕಟ್ಟಲು ಕೈ ಹಾಕುವಂತಿಲ್ಲ.

ಓದಿದ ಹುಡುಗಿ, ಕಾಲೇಜು ಮುಗಿಸಿದವಳು, ಮಾಂಸ ಅಪರೂಪಕ್ಕೆ ಬೇಯುತ್ತಿದ್ದ ಮನೆಯಿಂದ ಬಂದವಳು ಎಂದು ಮದುವೆಯಾದ ಹೊಸದರಲ್ಲಿ ಎಲ್ಲರೂ ದೊಡ್ಡ ಸೊಸೆಯಾದ ಗಿಳಿಯ ತಾಯಿಯನ್ನು ದೂರವೇ ಇಟ್ಟಿದ್ದರು. ಬೋಗುಣಿ ಸಿಕ್ಕ ದಿನ ಅವಳು ಮನೆಯವಳಾದಳು. ಅದನ್ನು ಅವಳು ಮರೆತಿರಲಿಲ್ಲ.

"ನಮ್ಮತ್ತೆ ನಾಲ್ಕು ಹೆತ್ತಿದಾರೆ," ಎಂದಳು ವೈದ್ಯೆಗೆ, ಕೊನೆಯ ಕೊಂಬೆಗೆ ಕೈ ಚಾಚುವವಳಂತೆ. "ನಾಲ್ಕೂ ಸಲ ಅವರೇ ಉಪ್ಪು ನೋಡಿದಾರೆ. ಯಾರಿಗೂ ಏನೂ ಆಗಿಲ್ವಲ್ಲ?"

"ಅವರೂ ಇಂಥದ್ದೇ ಮನೇಲಿ ಹುಟ್ಟಿದವರಾ?"

"ಹೌದು. ಅವರಪ್ಪಂದೂ ಇಂಥದ್ದೇ ಅಂಗಡಿ."

"ಹಾಗಾದ್ರೆ ಅವರಿಗೆ ಚಿಕ್ಕಂದಿನಲ್ಲೇ ತಗುಲಿ ಹೋಗಿರುತ್ತೆ. ಗೊತ್ತೂ ಆಗಿರಲ್ಲ, ಒಂದು ಜ್ವರ ಬಂದು ಹೋಗಿರುತ್ತೆ ಅಷ್ಟೆ. ಒಂದು ಸಲ ತಗುಲಿದ ಮೈಗೆ ಕಾವಲು ಹುಟ್ಟುತ್ತೆ. ಆಮೇಲೆ ಬಸುರಿಯಾದ್ರೆ ಮಗುಗೆ ಸಾಮಾನ್ಯವಾಗಿ ದಾಟಲ್ಲ. ಮೊದಲನೇ ಸಲ ತಗುಲೋದೇ ಬಸುರಿಯಾಗಿದ್ದಾಗ ಆದ್ರೆ..." ವೈದ್ಯೆ ಗಿಳಿಯ ಕಡೆ ನೋಡಿ ಮಾತು ಅಲ್ಲಿಗೇ ಬಿಟ್ಟರು. "ಬೆಕ್ಕಿಂದಲೇ ಬಂತೋ, ತೊಳೀದ ಸೊಪ್ಪಿಂದಲೋ, ಮಾಂಸದಿಂದಲೋ, ಈಗ ಯಾರೂ ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ಹಸಿ ಖೀಮಾ ನಾಲಿಗೆಗೆ ಹಚ್ಚೋದು ಅಂದ್ರೆ... ಬೇಯಿಸಿದ್ರೆ ಅದು ಸಾಯುತ್ತೆ ಅಮ್ಮ. ಅಷ್ಟೇ ಸಾಕಾಗಿತ್ತು."

ತಾಯಿ ಗಿಳಿಯನ್ನು ಎತ್ತಿಕೊಂಡು ಎದ್ದಳು. ಬಾಗಿಲ ಬಳಿ ನಿಂತು, ತಿರುಗಿ, "ಮನೇಲಿ ನನ್ನ ಓರಗಿತ್ತಿ ಈಗ ಬಸುರಿ," ಎಂದಳು.

"ಅವರೇ ನೋಡ್ತಿದಾರಾ ಉಪ್ಪು?"

ಅವಳು ಹೌದೆಂದು ತಲೆಯಾಡಿಸಿದಳು.

"ಇವತ್ತೇ ನಿಲ್ಲಿಸಿ. ನಾಳೆ ರಕ್ತ ಕೊಡೋಕೆ ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಿಳಿ ಅಗಲಗಣ್ಣಿಗೆ ಬಿಸಿಲು ತಾಳಲಾರದೆ ತಾಯಿಯ ಕಂಕುಳಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋದಳು. ತಾಯಿ ಬೆಕ್ಕನ್ನು ನೆನೆದಳು.

ಅದಕ್ಕೆ ಮೇಸ್ತ್ರಿ ಎಂದು ಹೆಸರು. ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲರ ಕೆಲಸ ನೋಡುತ್ತಾ ತಾನೊಂದು ಕಡ್ಡಿ ಅಲ್ಲಾಡಿಸದ ಹಳದಿ ಬೆಕ್ಕು. ಮಗುವಿನ ಮಿದುಳಿನ ಚಿತ್ರದಲ್ಲಿ ಸುಣ್ಣದ ಚುಕ್ಕೆಗಳು ಕಂಡು, ಹಳೆಯ ವೈದ್ಯರು "ಮನೇಲಿ ಬೆಕ್ಕಿದೆಯಾ?" ಎಂದು ಕೇಳಿದ ದಿನವೇ ಗಿಳಿಯ ಅಪ್ಪ ಅದನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬಂದಿದ್ದ. ಕೆಲವು ದಿನಗಳಲ್ಲಿ ಅದು ಹೇಗೋ ದಾರಿ ಹುಡುಕಿಕೊಂಡು ಮತ್ತೆ ಕಟ್ಟೆಯ ಮೇಲೆ ಬಂದು ಕೂತಿತು. ಎರಡನೆಯ ಸಲ ಚೀಲ ತೆಗೆದುಕೊಂಡು ಹೋದವನು ಬೇಗನೆ ಹಿಂತಿರುಗಿದ. ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ. ದೊಡ್ಡ ಸೊಸೆಯೂ ಕೇಳಲಿಲ್ಲ. ಆಗ ಅವಳು ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ಟಾಕ್ಸೊಪ್ಲಾಸ್ಮೊಸಿಸ್ ಎಂಬ ನಾಲಿಗೆ ತಿರುಗದ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಬೆಕ್ಕು ಎಂಬ ಪದ ಕಂಡ ಕೂಡಲೇ ಅವಳ ಕಣ್ಣು ಅಲ್ಲಿಯೇ ನಿಲ್ಲುತ್ತಿತ್ತು. ಅದೇ ಸಾಲಿನಲ್ಲಿ ಮುಂದೆ ಮಾಂಸ ಎಂದೂ ಇತ್ತು. ಕಳ್ಳ ಸಿಕ್ಕಿಬಿದ್ದ ಮೇಲೆ ಊರೆಲ್ಲ ಯಾರು ಹುಡುಕುತ್ತಾರೆ?

ಚಿಕ್ಕ ಸೊಸೆಗೆ ಬೋಗುಣಿ ಸಿಕ್ಕಿ ಒಂದು ತಿಂಗಳ ಮೇಲಾಗಿತ್ತು. ಅವಳು ದರ್ಜಿಯ ಮಗಳು, ಬಾಯಿಬಡಕಿ. ಬಂದ ವರ್ಷದಲ್ಲೇ ಮನೆಯನ್ನೆಲ್ಲ ಬೆರಳ ತುದಿಯಲ್ಲಿ ಆಡಿಸತೊಡಗಿದ್ದಳು. ಅತ್ತೆ ಮಣೆಯನ್ನು ಅವಳ ಕಡೆ ಸರಿಸಿದ ದಿನ ದೊಡ್ಡ ಸೊಸೆಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗಿತ್ತು. ಗಿಳಿ ಹುಟ್ಟಿದ ಮೇಲೆ ಬೋಗುಣಿ ಮತ್ತೆ ಅತ್ತೆಯ ಪಾಲಿಗೆ ಹೋಗಿತ್ತು, ತನ್ನನ್ನು ಯಾರೂ ಉಪ್ಪು ನೋಡು ಎಂದಿರಲಿಲ್ಲ. ಕೆಟ್ಟ ಮಗು ಹೆತ್ತವಳ ನಾಲಿಗೆಯೂ ಕೆಟ್ಟಿದ್ದು ಎಂಬಂತೆ.

ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ಆ ಯೋಚನೆ ಬಂತು. ಹೇಳದೇ ಹೋದರೆ? ಅವಳಿಗೂ ಹೀಗೇ ಒಂದು ಹುಟ್ಟಲಿ. ಅವಳೂ ಕತ್ತಲೆ ಕೋಣೆಯಲ್ಲಿ ವೈದ್ಯರ ಮೌನ ಅಳೆಯಲಿ. ಆಗ ತಾನೊಬ್ಬಳೇ ಆಗುವುದಿಲ್ಲ.

ಯೋಚನೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಾಗಿಲು ತಟ್ಟದೆ ಒಳಗೆ ಬಂದು, ಕೂರದೆ ಎದ್ದು ಹೋದ ನೆಂಟನ ಹಾಗೆ ಹೋಯಿತು. ಆದರೆ ಬಂದಿತ್ತು. ಅವಳು ಮಗುವಿನ ತಲೆಯ ಮೇಲೆ ಗಲ್ಲ ಒತ್ತಿ ಕಣ್ಣು ಮುಚ್ಚಿಕೊಂಡಳು.

ಮನೆ ಮುಟ್ಟಿದಾಗ ಸಂಜೆಯ ಸರಕು ಕಲಸುವ ಹೊತ್ತು. ಅಂಗಡಿ ದಾಟಿ ಹಿಂದಿನ ಕೋಣೆಗೆ ಬಂದರೆ ಅಲ್ಲಿ ಎಂದಿನ ವಾಸನೆ: ತಣ್ಣಗಿನ ಕೊಬ್ಬು, ಈರುಳ್ಳಿ, ತೊಳೆದ ಕಲ್ಲಿನ ನೆಲ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೋಗುಣಿಯಲ್ಲಿ ಖೀಮಾ ನಾದುತ್ತಿದ್ದರು. ಚಿಕ್ಕ ಸೊಸೆ ಮಣೆಯ ಮೇಲೆ ಕೂತು ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಿದ್ದಳು.

"ನಮ್ಮಪ್ಪ ಸೂಜಿ ಬಾಯಲ್ಲಿ ಕಚ್ಕೊಂಡೇ ನಮ್ಮನ್ನೆಲ್ಲ ಬೈತಿದ್ದ ಅತ್ತೆ. ಒಂದಿನಾನೂ ಸೂಜಿ ಬೀಳ್ತಿರ್ಲಿಲ್ಲ!"

"ನೀನೂ ಒಂದು ಕಚ್ಕೊಂಡು ಕೂತ್ಕೋ ಮಾರಾಯ್ತಿ. ಸ್ವಲ್ಪ ಹೊತ್ತು ಕಿವಿಗೆ ನೆಮ್ಮದಿ ಸಿಗ್ಲಿ," ಎಂದರು ಅತ್ತೆ. ಆಮೇಲೆ ದೊಡ್ಡ ಸೊಸೆಯ ಕಡೆ ತಿರುಗಿದರು. "ಬಂದ್ಯಾ? ಏನಂದ್ರು? ಹನಿ ಕೊಟ್ರಾ?"

"ಕೊಟ್ರು," ಎಂದಳು ಅವಳು. ಗಿಳಿಯನ್ನು ಕೆಳಗಿಳಿಸಿದಳು. ಎಲ್ಲಿಂದ ಶುರು ಮಾಡಲಿ ಎಂದು ಅವಳು ಪದ ಹುಡುಕುತ್ತಿದ್ದಾಗಲೇ ಚಿಕ್ಕ ಸೊಸೆಯ ಬೆರಳು ಬೋಗುಣಿಯ ಅಂಚಿಗೆ ಹೋಗಿ, ಅಲ್ಲಿಂದ ಬಾಯಿಯ ಕಡೆ ಹೊರಟಿತು.

ದೊಡ್ಡ ಸೊಸೆ ಅವಳ ಕೈಗೆ ಹೊಡೆದಳು. ಫಟ್ಟನೆ, ಮಕ್ಕಳಿಗೆ ಹೊಡೆದ ಹಾಗೆ.

ಚಿಕ್ಕ ಸೊಸೆ ಕೈ ಹಿಡಿದುಕೊಂಡು, "ಅಕ್ಕಾ!" ಎಂದಳು. ಅವಳ ಕಣ್ಣು ತುಂಬಿತು.

"ಏನೇ ಇದು?" ಅತ್ತೆಯ ದನಿ ಏರಿತು. "ಬಸುರಿ ಮೇಲೆ ಕೈ ಮಾಡ್ತೀಯಲ್ಲ, ನಿನಗೇನು ದೆವ್ವ ಬಡೀತಾ? ಮಣೆ ಹೋಯ್ತು ಅಂತ ಇಷ್ಟು ಹೊಟ್ಟೆ ಉರೀನಾ? ನಿನ್ನ ಮುಖ ನೋಡಿ ನಾನು ಅವತ್ತೇ ಅಂದ್ಕೊಂಡೆ!"

"ಉಗುಳು," ಎಂದಳು ದೊಡ್ಡ ಸೊಸೆ ಓರಗಿತ್ತಿಗೆ. "ಬಾಯಿ ತೊಳ್ಕೊ. ಕೈ ತೊಳ್ಕೊ. ಇನ್ಮೇಲೆ ಇದನ್ನ ಬಾಯಿಗೆ ಹಚ್ಚಬೇಡ."

"ನಾನಿನ್ನೂ ಹಚ್ಚೇ ಇಲ್ಲ ಅಕ್ಕ..."

"ಗಿಳಿಗೆ ಬಂದಿದ್ದು ಬೆಕ್ಕಿಂದಲ್ಲ ಅತ್ತೆ." ಅವಳು ಬೋಗುಣಿಯ ಕಡೆ ಕೈ ತೋರಿದಳು. "ಇದರಿಂದ. ನಾನು ಉಪ್ಪು ನೋಡಿದ್ದರಿಂದ."

ಅತ್ತೆ ಒಂದು ಕ್ಷಣ ಅವಳನ್ನೇ ನೋಡಿ, ನಕ್ಕರು. ಸಂತೋಷದ ನಗೆಯಲ್ಲ. "ಸರಿ ಹೋಯ್ತು. ಅನ್ನ ಹಾಕೋ ಬೋಗುಣಿ ಮೇಲೇ ಹಾಕು ತಪ್ಪನ್ನ. ಕೇಳೇ, ನಾನು ನಾಲ್ಕು ಹೆತ್ತೆ. ನಾಲ್ಕೂ ಕಲ್ಲುಗುಂಡು. ಹೆರೋ ದಿನ ಬೆಳಿಗ್ಗೆ ಕೂಡ ಇಲ್ಲೇ ಕೂತಿದ್ದೆ. ನನಗೆ ಆಗದ್ದು ನಿನಗೆ ಹೇಗೆ ಆಗುತ್ತೆ?"

"ನೀವು ಇಂಥ ಮನೇಲೇ ಹುಟ್ಟಿದವರು. ನಿಮಗೆ ಚಿಕ್ಕಂದಿನಲ್ಲೇ ತಗುಲಿ, ಮೈಯೇ ಕಾವಲು ಕಟ್ಕೊಂಡಿದೆ. ಹೊರಗಿಂದ ಬಂದ ನಮಗೆ ಆ ಕಾವಲು ಇಲ್ಲ. ಈ ಮನೇಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಏನೂ ಆಗಲ್ಲ ಅತ್ತೆ, ಬಂದ ಸೊಸೆಯರಿಗೇ ಆಗೋದು. ಡಾಕ್ಟ್ರು ಬಿಡಿಸಿ ಹೇಳಿದ್ರು."

ಅತ್ತೆ ನಾದುವುದನ್ನು ನಿಲ್ಲಿಸಿದರು. ಅವರ ಕೈಗಳು ಖೀಮಾದೊಳಗೆ ಮಣಿಕಟ್ಟಿನವರೆಗೆ ಹುಗಿದೇ ಇದ್ದವು. ದೊಡ್ಡ ಸೊಸೆ ಅವರ ಮುಖ ನೋಡುತ್ತಿದ್ದಳು. ಅಲ್ಲಿ ಸಿಟ್ಟು ಇಳಿದು, ಅದರ ಹಿಂದೆ ಏನೋ ಒಂದು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

"ನನ್ನ ಓರಗಿತ್ತಿ," ಎಂದರು ಅತ್ತೆ. ಯಾರಿಗೂ ಹೇಳುತ್ತಿದ್ದಂತಿರಲಿಲ್ಲ. "ಹೂ ಮಾರೋರ ಮನೆ ಹುಡುಗಿ. ಮನೇಲಿ ಮೊಟ್ಟೆ ಕೂಡ ಒಡೀತಿರ್ಲಿಲ್ಲ. ಮೊದಮೊದಲು ಇದರ ವಾಸನೆಗೇ ವಾಂತಿ ಮಾಡ್ಕೊಳ್ಳೋಳು. ನಾನೇ ಗದರಿಸಿ ಗದರಿಸಿ ರೂಢಿ ಮಾಡ್ಸಿದೆ." ಬೋಗುಣಿಯಿಂದ ಕಣ್ಣೆತ್ತಲಿಲ್ಲ. "ಮಗು ತಲೆ ಇಷ್ಟು ದಪ್ಪ ಇತ್ತು. ನೀರು ತುಂಬಿದ ಹಾಗೆ. ಅತ್ತು ಅತ್ತು ಹೋಯ್ತು. ಅವಳ ಕಡೆ ರಕ್ತ ಸರಿಯಿಲ್ಲ ಅಂತ ನಮ್ಮತ್ತೆ ಅವಳನ್ನ ತೌರಿಗೆ ಕಳಿಸಿದ್ರು. ಬಸ್ಸು ಹತ್ತಿಸಿ ಬಂದಿದ್ದು ನಾನೇ."

ಈ ಮಾತು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗಿಳಿ ಗೋಡೆ ಹಿಡಿದುಕೊಂಡು ಬಂದು, ತಲೆ ವಾಲಿಸಿ, "ಅಜ್ಜೀ, ಯಾಕೆ ಸುಮ್ನಿದೀಯ?" ಎಂದಳು. ಅತ್ತೆ ಕೈಗಳನ್ನು ಬೋಗುಣಿಯಿಂದ ಮೆಲ್ಲಗೆ ಎಳೆದುಕೊಂಡು, ತಮ್ಮವಲ್ಲ ಎಂಬಂತೆ ಅವುಗಳನ್ನೇ ನೋಡುತ್ತಾ ಕೂತರು.

ಚಿಕ್ಕ ಸೊಸೆ ಮೋರಿಯ ಬಳಿ ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ಬೆರಳಿಂದ ನಾಲಿಗೆ ಉಜ್ಜಿ ಉಜ್ಜಿ ತೊಳೆದಳು. ನೀರಿನ ಸದ್ದು ನಿಲ್ಲಲೇ ಇಲ್ಲ. "ಸಾಕು ಕಣೇ, ಸಾಕು," ಎಂದು ದೊಡ್ಡ ಸೊಸೆ ಅವಳ ಭುಜ ಹಿಡಿದಾಗ ಅವಳ ಕೆಳದುಟಿಯಲ್ಲಿ ರಕ್ತವಿತ್ತು.

ಮರುದಿನ ರಕ್ತ ಕೊಟ್ಟು ಬಂದರು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಮನೆಯ ಗಂಡಸರು ಮೊದಲು ನಂಬಲಿಲ್ಲ, ಆಮೇಲೆ ಜಗಳವಾಡಿದರು, ಆಮೇಲೆ ಮಾತೇ ಬಿಟ್ಟರು. ಗಿಳಿಯ ಅಪ್ಪ ಒಂದು ಸಂಜೆ ಅಂಗಡಿಯ ಖಾಲಿ ಕಟ್ಟೆಯ ಮುಂದೆ ಸುಮ್ಮನೆ ನಿಂತಿದ್ದ. ಹೆಂಡತಿ ಹತ್ತಿರ ಹೋದಾಗ, "ಅದು ಚೀಲದೊಳಗೂ ಕೂಗ್ತಿರ್ಲಿಲ್ಲ," ಎಂದ. ಯಾವುದು ಎಂದು ಅವಳು ಕೇಳಬೇಕಾಗಿರಲಿಲ್ಲ.

ಅತ್ತೆ ಬೋಗುಣಿಯ ಪಕ್ಕ ಒಂದು ಚಿಕ್ಕ ಒಲೆ ತಂದಿಡಿಸಿದರು, ಅದರ ಮೇಲೊಂದು ಅಂಗೈಯಗಲದ ಬಾಣಲೆ. ಈಗ ಖೀಮಾ ಕಲಸಿದ ಮೇಲೆ ಒಂದು ಚಿಟಿಕೆ ಅದರಲ್ಲಿ ಹಾಕಿ, ಚೆನ್ನಾಗಿ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಆರಿಸಿ, ಬಾಯಿಗೆ ಹಾಕಿಕೊಂಡು ಉಪ್ಪು ನೋಡುತ್ತಿದ್ದರು. ಯಾರ ಕೆಲಸವೂ ಕೆಡಲಿಲ್ಲ, ಯಾವ ಹೋಟೆಲಿನವನೂ ರುಚಿ ಬದಲಾಯಿತು ಎನ್ನಲಿಲ್ಲ. ಬಾಣಲೆ ಮೊದಲಿಂದಲೂ ಅಡುಗೆಮನೆಯ ಮೊಳೆಯಲ್ಲೇ ತೂಗುಬಿದ್ದಿತ್ತು. ದೊಡ್ಡ ಸೊಸೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇಷ್ಟೇ ಇತ್ತು. ಇಷ್ಟೇ.

ಫಲಿತಾಂಶ ಬಂತು. ಸೋಂಕು ತಗುಲಿದೆ, ಹೊಸದು, ಬಸುರಿಯಾದ ಮೇಲಿನದು ಎಂದರು ವೈದ್ಯರು. ಮಗುವಿಗೆ ದಾಟಿದೆಯೋ ಇಲ್ಲವೋ ಈಗಲೇ ಹೇಳಲಾಗದು. ಮಾತ್ರೆ ಕೊಡುತ್ತೇವೆ, ದಾಟದ ಹಾಗೆ ತಡೆಯಲು ನೋಡುತ್ತೇವೆ, ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ. ಬೇಗ ಗೊತ್ತಾಯಿತಲ್ಲ, ಅದು ಒಳ್ಳೆಯದು ಎಂದೂ ಅಂದರು. ದೊಡ್ಡ ಸೊಸೆ ಆ "ನೋಡುತ್ತೇವೆ"ಯನ್ನು ಮತ್ತೆ ಗುರುತು ಹಿಡಿದಳು. ಪಕ್ಕದಲ್ಲಿ ಕೂತ ಚಿಕ್ಕವಳೂ ಅದನ್ನು ಗುರುತು ಹಿಡಿದದ್ದು ಅವಳಿಗೆ ಕಂಡಿತು. ಇಷ್ಟು ಬೇಗ ಕಲಿತಳಲ್ಲ ಎನಿಸಿತು.

ಬಸ್ಸಿನ ಆ ತಿರುವಿನಲ್ಲಿ ಬಂದು ಹೋದ ಯೋಚನೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಾಗಾಗಲಿ ಎಂದು ಬಾಯಿ ಬಿಟ್ಟು ಬೇಡಿರಲೂ ಇಲ್ಲ. ಬೇಡದೆಯೇ ಯಾರೋ ಕೊಟ್ಟುಬಿಟ್ಟ ಹಾಗಿತ್ತು.

ಚಿಕ್ಕ ಸೊಸೆಯ ಮಾತು ನಿಂತುಹೋಯಿತು. ಮಾತ್ರೆಗಳಿಂದ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಮೊದಲೆಲ್ಲ ಗಿಳಿ ಹತ್ತಿರ ಬಂದರೆ ಅವಳು ಮಗುವಿನ ಗಲ್ಲ ಹಿಂಡಿ ಬೇಗ ಬೇಗ ಬೇರೆ ಕಡೆ ನೋಡುತ್ತಿದ್ದಳು. ಈಗ ಮಧ್ಯಾಹ್ನವೆಲ್ಲ ಅವಳ ಜೊತೆಯೇ ಕೂರತೊಡಗಿದಳು. ಒಂದು ದಿನ ದೊಡ್ಡ ಸೊಸೆ ಬಟ್ಟೆ ಒಣಹಾಕಿ ಬರುವಾಗ ಬಾಗಿಲಲ್ಲಿ ನಿಂತಳು. ಚಿಕ್ಕವಳು ನೆಲದ ಮೇಲೆ ಕೂತು, ತನ್ನ ಅಪ್ಪ ಕೊಟ್ಟಿದ್ದ ಕೆಂಪು ದಾರದ ಉಂಡೆಯನ್ನು ಮಗುವಿನ ಮುಖದ ಮುಂದೆ ಹಿಡಿದಿದ್ದಳು.

"ಇಲ್ಲಿ ಕಾಣುತ್ತಾ ಗಿಳೀ?"

"ಇಲ್ಲ."

"ಇಲ್ಲಿ?"

"ಇಲ್ಲ ಚಿಕ್ಕಮ್ಮ."

"ಮತ್ತೆ... ಇಲ್ಲಿ?"

ನೋಡಿದವರಿಗೆ ಆಟ ಎನಿಸಬೇಕು. ಆದರೆ ಚಿಕ್ಕವಳ ಮುಖದಲ್ಲಿ ಆಟವಿರಲಿಲ್ಲ. ಅಳತೆ ತಪ್ಪಬಾರದೆಂದು ಬಟ್ಟೆಯ ಮೇಲೆ ಬಗ್ಗಿದ ದರ್ಜಿಯ ಮುಖ ಅದು. ಅವಳು ಕಲಿಯುತ್ತಿದ್ದಳು. ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದಳು. "ಅಕ್ಕ, ನಿಮಗೆ ಮೊದಲು ಅನುಮಾನ ಬಂದಿದ್ದು ಯಾವಾಗ? ಹಾಲು ಕುಡಿಯೋವಾಗ ಮುಖ ನೋಡ್ತಿದ್ಳಾ?"

ಏನೂ ಆಗುವುದಿಲ್ಲ, ನಿನ್ನದು ದಾಟಿರುವುದಿಲ್ಲ ಎಂದು ಹೇಳಬಹುದಿತ್ತು. ತನಗೆ ಹಾಗೆ ಹೇಳಿದವರ ಮುಖಗಳೆಲ್ಲ ದೊಡ್ಡ ಸೊಸೆಗೆ ನೆನಪಿದ್ದವು. ಅವಳು ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಂಡು ಒಳಗೆ ಬಂದು, ಓರಗಿತ್ತಿಯ ಪಕ್ಕ ಕೂತಳು. ದಾರದ ಉಂಡೆ ಹಿಡಿದ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಎದುರಿಗೆ ಹಿಡೀಬೇಡ," ಎಂದಳು. "ಪಕ್ಕಕ್ಕೆ ತಗೊಂಡು ಹೋಗು. ಇನ್ನೂ ಸ್ವಲ್ಪ. ಅವಳು ತಲೆ ವಾಲಿಸೋವರೆಗೂ ಕಾಯಿ."

ಇಬ್ಬರೂ ಕಾದರು.